ಪುಡಿ ಹಚ್ಚದ ಕಾಲಿನ ಹುಡುಕಾಟ

ಒಬ್ಬ ಹೆಂಗಸಿನ ಮುಂಗೈ ಮೇಲಿನ ಹುಣ್ಣು ನಾಲ್ಕು ತಿಂಗಳಾದರೂ ಒಣಗದಿದ್ದರೆ ನೀವು ಯಾವುದನ್ನು ಪ್ರಶ್ನಿಸುತ್ತೀರಿ: ಆಕೆಯ ಊಟವನ್ನೋ, ಸ್ನಾನವನ್ನೋ, ಗುಳಿಗೆ ಬರೆದುಕೊಟ್ಟ ವೈದ್ಯರನ್ನೋ, ಇಲ್ಲ ಆಕೆ ಪ್ರತಿ ವರ್ಷ ಎರಡು ಬಾರಿ ಮಾಡುವ ಕೆಲಸವನ್ನೋ? ಮೊದಲ ಮೂರನ್ನು ಎಲ್ಲರೂ ಪ್ರಶ್ನಿಸಿ ಆಗಿತ್ತು. ನಾಲ್ಕನೆಯದನ್ನು ಪ್ರಶ್ನಿಸಲು ನಾನು ಹೊರಟೆ. ಹೊರಟ ಉದ್ದೇಶ ಸರಿಯಿತ್ತು, ರೀತಿ ಸರಿಯಿರಲಿಲ್ಲ. ಎರಡು ತಿಂಗಳ ಆ ಕೆಲಸದಲ್ಲಿ ನಾನು ಎಡವಿದ್ದನ್ನೂ ಕೊನೆಗೆ ದಕ್ಕಿದ್ದನ್ನೂ ಮುಚ್ಚುಮರೆಯಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.

ಇದು ಈ ಶತಮಾನದ ಮೊದಲ ವರ್ಷಗಳ ಮಾತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ದುಡಿಯುವ ಹೆಂಗಸರ ಆರೋಗ್ಯಕ್ಕಾಗಿ ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಕ್ಷೇತ್ರ ಕಾರ್ಯಕರ್ತೆಯಾಗಿದ್ದೆ. ಶ್ರಾವಣದ ಆರಂಭದಲ್ಲಿ ಕೊಪ್ಪ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನ ಕಾರ್ಮಿಕರು ವಾಸಿಸುವ ಲೈನ್ ಮನೆಗಳಿಗೆ ಹೋಗಿದ್ದಾಗ ಆ ಹೆಂಗಸು ತೋಳಿನ ಬಟ್ಟೆ ಬಿಚ್ಚಿ ಹುಣ್ಣು ತೋರಿಸಿದಳು. ವಯಸ್ಸು ಮೂವತ್ತೈದರ ಆಸುಪಾಸು. ಹಿಂದಿನ ವರ್ಷ ಸರ್ಪಸುತ್ತು, ಅದಕ್ಕೂ ಮುಂಚೆ ಎರಡು ಬಾರಿ ನ್ಯುಮೋನಿಯಾ, ಬಾಯಿಯಲ್ಲಿ ಆಗಾಗ ಹುಣ್ಣು. ಒಂದು ವಾಸಿಯಾಗುವಷ್ಟರಲ್ಲಿ ಇನ್ನೊಂದು ಹಿಡಿಯುತ್ತಿತ್ತು.

ಆಕೆಯ ಕೆಲಸವನ್ನು ವಿವರಿಸಬೇಕು. ಅರೇಬಿಕಾ ಕಾಫಿ ಗಿಡದ ಕಾಂಡವನ್ನು ಒಳಗಿಂದ ಕೊರೆದು ಸಾಯಿಸುವ ಹುಳುವಿಗೆ ಎಸ್ಟೇಟುಗಳಲ್ಲಿ ಬೋರರ್ ಎನ್ನುತ್ತಾರೆ. ಅದರ ಕಾಟ ತಡೆಯಲು ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಮತ್ತೊಮ್ಮೆ ಗಿಡಗಳಿಗೆ ಔಷಧಿ ಸವರುತ್ತಾರೆ. ಮೊದಲಿಗೆ ಒಬ್ಬರು ತೆಂಗಿನ ನಾರಿನಿಂದ ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುತ್ತಾರೆ. ಹಿಂದೆಯೇ ಇನ್ನೊಬ್ಬರು ಕೋಲಿನ ತುದಿಗೆ ಕಟ್ಟಿದ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಬಳಿಯುತ್ತಾರೆ. ಬಕೆಟ್ಟಿನಲ್ಲಿರುವುದು ಲಿಂಡೇನ್. ಎಣ್ಣೆಯಂಥ ಆ ದ್ರವ ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುತ್ತದೆ. ಕೋಲನ್ನು ಮೇಲಕ್ಕೆ ಎತ್ತಿದಾಗಲೆಲ್ಲ ಆ ಹಾಲು ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯುತ್ತದೆ.

“ಎಷ್ಟು ತೊಳ್ಕಂಡ್ರೂ ವಾಸ್ನೆ ಹೋಗಲ್ಲ ಅಮ್ಮ. ಅನ್ನಕ್ಕೆ ಕೈ ಹಾಕಿದ್ರೆ ಅನ್ನನೂ ಅದೇ ವಾಸ್ನೆ. ನನ್ ಗಂಡ ನಗಾಡ್ತಾರೆ, ನಿನ್ ಕೈ ಅಡಿಗೆ ಉಂಡ್ರೆ ಹೊಟ್ಟೆ ಹುಳ ಎಲ್ಲ ಸಾಯ್ತವೆ ಅಂತ,” ಎಂದಳು.

ನಗಿಸಲು ಹೇಳಿದ ಮಾತು. ಆದರೆ ಮರುಕ್ಷಣವೇ ಆಕೆ ಮುಖ್ಯ ವಿಷಯಕ್ಕೆ ಬಂದಳು. ದಸರಾ ಕಳೆದು ಮಳೆ ಬಿಟ್ಟೊಡನೆ ಮತ್ತೆ ಸವರುವ ಕೆಲಸ ಶುರುವಾಗುತ್ತದೆ. ಕೊಟ್ಟ ಕೆಲಸ ಮಾಡಲಾಗದಿದ್ದರೆ ಲೈನಿನ ಮನೆ ಖಾಲಿ ಮಾಡಬೇಕೆಂದು ಮೇಸ್ತ್ರಿ ಹೇಳಿಯಾಗಿತ್ತು. “ಬೇರೆ ಎಂತ ಕೆಲ್ಸ ಕೊಟ್ರೂ ಮಾಡ್ತೀನಿ. ಚರಂಡಿ ತೆಗೀಲಾ, ಕಳೆ ಹೊಡೀಲಾ? ಆ ಬಕೆಟ್ ಒಂದು ಬ್ಯಾಡ. ನೀವು ಕಾಗ್ದ ಬರೀತೀರಂತಲ್ಲ, ಅದೊಂದು ಬರ್ಕೊಡಿ.”

ಆಕೆ ಕೇಳಿದ್ದು ಇಷ್ಟೇ: ಈ ಬಾರಿಯ ಸವರುವ ಕೆಲಸದಿಂದ ತನ್ನನ್ನು ಬಿಡಿಸಬೇಕು. ನಾನು ಅದಕ್ಕಿಂತ ದೊಡ್ಡದನ್ನು ಬರೆದೆ. ಮೂರೂ ತಾಲ್ಲೂಕುಗಳಲ್ಲಿ ಲಿಂಡೇನ್ ಬಳಕೆಯನ್ನು ಕೂಡಲೇ ನಿಲ್ಲಿಸಬೇಕೆಂದು ಕೋರುವ ಮನವಿಯೊಂದನ್ನು ಕೂತಲ್ಲೇ ಸಿದ್ಧಪಡಿಸಿದೆ. ಈ ವಿಷ ಕಾರ್ಮಿಕರ ರೋಗನಿರೋಧಕ ಶಕ್ತಿಯನ್ನು ವರ್ಷಗಳ ಕಾಲ ಕುಂದಿಸುತ್ತದೆ ಎಂಬುದು ಅದರ ಮುಖ್ಯ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವನ್ನೂ ವಿರೋಧವನ್ನೂ ಅಷ್ಟೇ ಉತ್ಸಾಹದಿಂದ ಮಂಡಿಸಿ ಬಹುಮಾನ ಪಡೆದವಳು ನಾನು. ವಾಕ್ಯಗಳು ತಾವಾಗಿ ಬಂದವು.

ಆ ಮನವಿಯ ಒಂದು ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕಳಿಸಿಯೂ ಆಯಿತು, ಆದರೆ ಅದು ನಿಲ್ಲಲು ವೈದ್ಯರ ಸಹಿ ಬೇಕಿತ್ತು. ಆಕೆಗೆ ಔಷಧಿ ಕೊಡುತ್ತಿದ್ದ ಸರ್ಕಾರಿ ವೈದ್ಯರು ನಿವೃತ್ತಿಗೆ ಹತ್ತಿರವಿದ್ದ, ಕಡಿಮೆ ಮಾತಿನ ಮನುಷ್ಯ. ಮನವಿಯನ್ನು ಪೂರ್ತಿ ಓದಿ ಕನ್ನಡಕ ತೆಗೆದರು.

“ಭಾಷೆ ಚೆನ್ನಾಗಿದೆ. ಇವರಿಗೆ ಸಕ್ಕರೆ ಕಾಯಿಲೆ ಇಲ್ಲ ಅಂತ ನಿಮಗೆ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ.

“ಕ್ಷಯ ಇಲ್ಲ ಅಂತ?”

ಅದೂ ಗೊತ್ತಿರಲಿಲ್ಲ. ಹುಣ್ಣು ಮಾಯದಿರಲು, ಸೋಂಕು ಮರುಕಳಿಸಲು ಕಾರಣಗಳು ಹತ್ತಾರು ಇವೆ, ಒಂದೊಂದನ್ನೇ ಬದಿಗೆ ಸರಿಸಿದ ಮೇಲೆ ಉಳಿದದ್ದರ ಬಗ್ಗೆ ಮಾತಾಡೋಣ ಎಂದರು. ಸರಿಸುವುದಕ್ಕೇ ಎರಡು ವಾರ ಹಿಡಿಯಿತು. ರಕ್ತದ ಸಕ್ಕರೆ, ಕಫ, ಎದೆಯ ಎಕ್ಸ್‌ರೇ, ಜಂತುಹುಳುವಿಗೆ ಮಲ ಪರೀಕ್ಷೆ, ಕೊನೆಗೆ ಜನ ಹೆಸರೆತ್ತಲೂ ಹೆದರುತ್ತಿದ್ದ ಎಚ್.ಐ.ವಿ. ಪರೀಕ್ಷೆ. ಅದಕ್ಕೆ ಒಪ್ಪಿಗೆ ಕೇಳುವಾಗ ನನ್ನ ನಾಲಿಗೆ ತಡವರಿಸಿತು. ಆಕೆಯೇ, “ಹೇಳಿ ಅಮ್ಮ, ಅದೂ ಇಲ್ಲ ಅಂತಾದ್ರೆ ಮೇಸ್ತ್ರಿ ಬಾಯಿ ಮುಚ್ಚುತ್ತೆ,” ಎಂದು ತೋಳು ಚಾಚಿದಳು. ಎಲ್ಲ ಪರೀಕ್ಷೆಗಳಲ್ಲೂ ಕಾಯಿಲೆ ಇಲ್ಲವೆಂದೇ ಬಂತು. ಬಿಳಿ ರಕ್ತಕಣಗಳ ಎಣಿಕೆ ಮಾತ್ರ ಕಡಿಮೆಯಿತ್ತು. ಹತ್ತು ದಿನ ಬಿಟ್ಟು ಮತ್ತೆ ಎಣಿಸಿದಾಗಲೂ ಕಡಿಮೆಯೇ ಇತ್ತು.

“ಇದು ಸಂಶಯ, ಸಾಕ್ಷ್ಯ ಅಲ್ಲ,” ಎಂದರು ವೈದ್ಯರು. “ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಇಂಥ ವಸ್ತುಗಳು ನಿರೋಧಕ ಶಕ್ತಿಯನ್ನ ಕೆಡಿಸಿದ್ದು ಕಂಡಿದೆ. ಮನುಷ್ಯರಲ್ಲಿ ಅಷ್ಟು ಖಚಿತ ಇಲ್ಲ. ಒಬ್ಬರ ರಕ್ತ ನೋಡಿ ಮೂರು ತಾಲ್ಲೂಕಿಗೆ ಔಷಧಿ ನಿಲ್ಲಿಸಿ ಅಂತ ನಾನು ಸಹಿ ಹಾಕಲ್ಲ. ಸವರುವವರು ಎಷ್ಟು ಜನ, ಅವರಿಗೆ ವರ್ಷಕ್ಕೆ ಎಷ್ಟು ಸೋಂಕು? ಸವರದೇ ಇರೋವರಿಗೆ ಎಷ್ಟು? ಎರಡನ್ನೂ ಪಕ್ಕಪಕ್ಕ ಇಟ್ಟು ತನ್ನಿ.”

ಹೀಗೆ ಸಮೀಕ್ಷೆ ಆರಂಭವಾಯಿತು. ಒಂದು ಕಡೆ, ಸವರುವ ಕೆಲಸ ಮಾಡಿದ ಎಸ್ಟೇಟ್ ಕಾರ್ಮಿಕರು. ಇನ್ನೊಂದು ಕಡೆ, ಅವರಂತೆಯೇ ಬಿಸಿಲು ಮಳೆಯಲ್ಲಿ ದುಡಿಯುವ, ಅದೇ ರೀತಿಯ ಊಟ ಮಾಡುವ, ಆದರೆ ವಿಷ ಮುಟ್ಟದ ಜನ. ಈ ಎರಡನೆಯವರಿಗಾಗಿ ಮೊದಲು ಶೃಂಗೇರಿ ತಾಲ್ಲೂಕಿನ ಬೇಗಾರನ್ನು ಯೋಚಿಸಿದೆ. ಅಲ್ಲಿನವರು ಅಡಿಕೆ ಕೊಳೆಗೆ ಮೈಲುತುತ್ತದ ದ್ರಾವಣ ಹೊಡೆಯುತ್ತಾರೆಂದು ಕೈಬಿಟ್ಟೆ. ನರಸಿಂಹರಾಜಪುರ ತಾಲ್ಲೂಕಿನ ಸೀತೂರಿನ ಕಡೆ ಗದ್ದೆ ಕೆಲಸವನ್ನೇ ನೆಚ್ಚಿದ ಮನೆಗಳಿದ್ದವು. ನಾಟಿಗೂ ಕಳೆಗೂ ಹೋಗುವ ಹೆಂಗಸರು, ಎಸ್ಟೇಟಿನ ಮುಖ ನೋಡದವರು. ಆ ಮನೆಗಳನ್ನು ಆರಿಸಿಕೊಂಡೆ.

ಪ್ರಶ್ನಾವಳಿ ನನ್ನದೇ. ಹಿಂದಿನ ಒಂದು ವರ್ಷದಲ್ಲಿ ಎಷ್ಟು ಸಲ ಜ್ವರ, ಎಷ್ಟು ಸಲ ಕುರು, ಹುಳುಕಡ್ಡಿ ಎಷ್ಟು ದಿನ ಉಳಿಯಿತು, ಗಾಯ ಮಾಯಲು ಎಷ್ಟು ವಾರ. ಆಮೇಲೆ: ಎಸ್ಟೇಟಿನಲ್ಲಿ ಕೀಟನಾಶಕ ಸವರಿದ್ದೀರಾ? ಪಂಪಿನಿಂದ ಹೊಡೆದಿದ್ದೀರಾ? ಹೊಡೆಯುವವರ ಬಟ್ಟೆ ಒಗೆದಿದ್ದೀರಾ? ಆ ಮೂರನೆಯ ಪ್ರಶ್ನೆ ಹೊಳೆದದ್ದಕ್ಕೆ ನನಗೆ ಹೆಮ್ಮೆಯಿತ್ತು.

ಒಪ್ಪಿದವರ ರಕ್ತವನ್ನು ಸಂಸ್ಥೆಯ ನರ್ಸ್ ತೆಗೆಯುತ್ತಿದ್ದರು. ಪಟ್ಟಣದಲ್ಲಿ ಖಾಸಗಿ ಲ್ಯಾಬ್ ಇಟ್ಟುಕೊಂಡಿದ್ದ ಸಾಹೇಬರೊಬ್ಬರು ಎಣಿಸಿ ಕೊಡುತ್ತಿದ್ದರು. ಅವರದು ಯಂತ್ರವಿಲ್ಲದ ಲ್ಯಾಬ್. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಒಂದೊಂದೇ ಕಣವನ್ನು ಎಣಿಸಬೇಕು. ಬಸ್ಸಿಳಿದು ನಾನು ನೇರವಾಗಿ ಅಲ್ಲಿಗೆ ಹೋಗಿ, “ಆಯ್ತಾ, ಎಷ್ಟು ಬಂತು?” ಎಂದು ಕೇಳಿದರೆ ಅವರು ತಲೆಯೆತ್ತದೆ, “ತಡೀರಿ ಮೇಡಂ. ಇವೇನು ಓಟಿಗೆ ಸಾಲಲ್ಲಿ ಬಂದು ನಿಲ್ತಾವಾ? ನಾನೇ ಮನೆ ಮನೆಗೆ ಹೋಗಿ ಹುಡುಕಬೇಕು,” ಎನ್ನುತ್ತಿದ್ದರು. ಯಾವ ಪಟ್ಟಿ ಎಸ್ಟೇಟಿನದು, ಯಾವುದು ಸೀತೂರಿನದು ಎಂದು ಅವರಿಗೆ ತಿಳಿಸಬಾರದೆಂದು ವೈದ್ಯರು ಕಟ್ಟುನಿಟ್ಟು ಮಾಡಿದ್ದರು. ಎಣಿಸುವ ಕಣ್ಣಿಗೆ ಪಕ್ಷವಿರಬಾರದು ಎಂಬುದು ಅವರ ನಿಯಮ.

ಭಾದ್ರಪದದ ನಡುವೆ ಎರಡೂ ಕಡೆಯ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಕೂಡಿಸಿದೆ. ಮತ್ತೆ ಕೂಡಿಸಿದೆ. ವ್ಯತ್ಯಾಸವೇ ಇರಲಿಲ್ಲ. ಎಸ್ಟೇಟಿನವರಿಗೆ ಎಷ್ಟು ಕುರು, ಎಷ್ಟು ಹುಳುಕಡ್ಡಿ, ಎಷ್ಟು ಜ್ವರವೋ ಸೀತೂರಿನವರಿಗೂ ಹೆಚ್ಚುಕಡಿಮೆ ಅಷ್ಟೇ. ರಕ್ತದ ಎಣಿಕೆಯಲ್ಲೂ ಎರಡೂ ಕಡೆಯ ಅಂಕಿಗಳು ಬೆರೆತುಹೋಗಿದ್ದವು.

ಸಂಸ್ಥೆಯ ಕಾರ್ಯದರ್ಶಿಯವರು ಹಾಳೆಗಳನ್ನು ಎರಡು ಸಲ ತಿರುವಿಹಾಕಿದರು. ಸಜ್ಜನರು, ಹಳೆಯ ಹೋರಾಟಗಾರರು. ಕೊನೆಗೆ ಮೆಲ್ಲಗೆ ಹೇಳಿದರು: “ಸೀತೂರಿನದು ಯಾಕೆ ಸೇರಿಸ್ಬೇಕು? ಎಸ್ಟೇಟಿಂದು ಮಾತ್ರ ಕೊಡು. ಇಷ್ಟು ಜನರಿಗೆ ಇಷ್ಟು ಕಾಯಿಲೆ ಅಂತ. ಅದು ಸುಳ್ಳಲ್ವಲ್ಲ?”

“ಸುಳ್ಳಲ್ಲ. ಆದರೆ…”

“ಎಂತ ಆದ್ರೆ ಮಾರಾಯ್ತಿ? ಕಾಲೇಜಲ್ಲಿ ಎದುರಾಳಿಯ ಪಾಯಿಂಟ್ ನೀನೇ ಎತ್ತಿ ಹೇಳ್ತಿದ್ಯಾ? ಅಲ್ಲಿ ಆ ಹೆಂಗಸು ಮನೆ ಬಿಡೋ ಹೊತ್ತಾತು. ಇಲ್ಲಿ ನೀನು ಕೂಡ್ಸದು ಕಳೆಯದು ಮಾಡ್ತಾ ಕೂತಿದ್ದೀಯ.”

ಅವರು ಹೇಳಿದ್ದು ನಿಜವೇ. ಚರ್ಚೆಯಲ್ಲಿ ನನ್ನ ಪಕ್ಷದ ದುರ್ಬಲ ಅಂಶವನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅದನ್ನು ಮುಚ್ಚಿ ದಾಟುವುದೇ ಕೌಶಲವಾಗಿತ್ತು, ಅದಕ್ಕೇ ಚಪ್ಪಾಳೆ ಬೀಳುತ್ತಿತ್ತು. ಸೀತೂರಿನ ಹಾಳೆಗಳನ್ನು ಬೇರೆ ಕಟ್ಟಾಗಿ ಕಟ್ಟಿ ಕಪಾಟಿನ ಕೆಳಗಿಟ್ಟೆ. ಎರಡು ದಿನ ಅವು ಅಲ್ಲೇ ಇದ್ದವು. ಮೂರನೆಯ ದಿನ, ಬರೆದುಕೊಂಡದ್ದರಲ್ಲೇ ತಪ್ಪಿರಬಹುದೇ ಎಂಬ ನೆಪ ಹೇಳಿಕೊಂಡು ಅವನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ನೆಪವೆಂದೇ ಒಪ್ಪಿಕೊಳ್ಳುತ್ತೇನೆ. ನನಗೆ ಬೇಕಿದ್ದದ್ದು ಸತ್ಯಕ್ಕಿಂತ ಒಂದು ತಪ್ಪು ಲೆಕ್ಕ.

ಸೀತೂರಿನ ಮೊದಲ ಮನೆಯಲ್ಲಿ ಒಬ್ಬ ಅಜ್ಜಿ, ಆಕೆಯ ಸೊಸೆ. ಸೊಸೆ ಗದ್ದೆಯಲ್ಲಿದ್ದಳು. ಅಲ್ಲಿಗೇ ಹೋಗಿ ಮಾತಾಡಿಸುತ್ತೇನೆಂದು ನಾನು ಎದ್ದೆ.

“ಹಂಗೇ ಹೋಗ್ತೀಯನಾ?” ಎಂದರು ಅಜ್ಜಿ. “ನಿಲ್ಲು ನಿಲ್ಲು. ಉಂಬಳ ಹತ್ತಿ ರಕ್ತ ಹೀರ್ತಾವೆ. ನೀನು ನಮ್ ರಕ್ತ ತಗಂಡು ಹೋದೆ, ನಿನ್ ರಕ್ತ ಅವು ತಗಳ್ಳಿ ಅಂತ ಬಿಡಕ್ಕಾಗ್ತದಾ?”

ಉಂಬಳವೆಂದರೆ ನಮ್ಮ ಕಡೆಯ ನೆಲದ ಜಿಗಣೆ. ಅಜ್ಜಿ ಒಳಹೋಗಿ ಒಂದು ಹಳೆಯ ತಗಡಿನ ಡಬ್ಬಿ ತಂದರು. ಮುಚ್ಚಳ ತೆಗೆದೊಡನೆ ಮುಗ್ಗಲಿನಂಥ ಘಾಟು ಮೂಗಿಗೆ ಹೊಡೆಯಿತು. ಮಾಸಲು ಬಣ್ಣದ ಪುಡಿ. ಒಂದು ಚಿಟಿಕೆ ತೆಗೆದು, ಬೇಡವೆನ್ನುವ ಮೊದಲೇ ಬಗ್ಗಿ ನನ್ನ ಕಾಲಿನ ಮೀನಖಂಡಕ್ಕೆ ಹಚ್ಚತೊಡಗಿದರು.

“ಎಂತ ಅಜ್ಜಿ ಇದು?”

“ಗ್ಯಾಮಾಕ್ಸಿನ್ ಕಣೆ. ಹಾ ಅಂತೀಯಲ್ಲ, ನಿಮ್ಮನೇಲಿ ಹಚ್ತಿರ್ಲಿಲ್ವಾ? ಈಗ ಅಂಗಡೀಲಿ ಸಿಗಲ್ಲ. ನಮ್ಮನೇಲಿ ಉಳ್ದಿತ್ತು. ಎಮ್ಮೆ ಉಣುಗಿಗೂ ಇದೇ, ಹಾಸಿಗೆ ತಿಗಣೆಗೂ ಇದೇ.”

ನಮ್ಮ ಮನೆಯಲ್ಲೂ ಹಚ್ಚುತ್ತಿದ್ದರು. ಮಳೆಗಾಲದಲ್ಲಿ ಶಾಲೆಗೆ ಹೊರಡುವ ಮುಂಚೆ ಅಮ್ಮ ನನ್ನ ಎರಡೂ ಕಾಲುಗಳಿಗೆ ಹಚ್ಚಿಯೇ ಕಳಿಸುತ್ತಿದ್ದಳು. ಗ್ಯಾಮಾಕ್ಸಿನ್ ಎಂದು ನಾವು ಕರೆಯುವ ಆ ಬಿ.ಎಚ್.ಸಿ. ಪುಡಿ ಲಿಂಡೇನಿನ ಕುಟುಂಬದ್ದೇ. ಇದನ್ನು ಮನವಿಯ ಎರಡನೆಯ ಪುಟದಲ್ಲಿ ನಾನೇ ಬರೆದಿದ್ದೆ. ಆದರೂ ಪ್ರಶ್ನಾವಳಿಯಲ್ಲಿ ಅದರ ಹೆಸರಿರಲಿಲ್ಲ. ಕೀಟನಾಶಕವೆಂದರೆ ಎಸ್ಟೇಟಿನ ಬಕೆಟ್ಟಿನಲ್ಲಿರುವಂಥದ್ದು ಎಂದುಕೊಂಡಿದ್ದೆ. ಬಾಗಿಲ ಪಕ್ಕದ ಡಬ್ಬಿಯಲ್ಲಿದ್ದದ್ದು ನನ್ನ ಲೆಕ್ಕಕ್ಕೆ ಸಿಗಲೇ ಇಲ್ಲ. ಹೊರಗಿನವರು ಯಾರಾದರೂ ಪ್ರಶ್ನೆ ಬರೆದಿದ್ದರೆ, ಈ ಜನ ಜಿಗಣೆಗೆ ಏನು ಮಾಡುತ್ತಾರೆಂದು ಮೊದಲೇ ಕೇಳುತ್ತಿದ್ದರೋ ಏನೋ. ನಾನು ಇಲ್ಲಿಯವಳಾದ್ದರಿಂದಲೇ ಕೇಳಲಿಲ್ಲ.

ಆ ದಿನ ಹನ್ನೊಂದು ಮನೆಗಳಿಗೆ ಹೋದೆ. ಹಚ್ಚದ ಮನೆ ಒಂದೂ ಸಿಗಲಿಲ್ಲ. ಸಂಜೆಯ ಬಸ್ಸಿನಲ್ಲಿ ನನಗೆ ದುಃಖಕ್ಕಿಂತ ಉತ್ಸಾಹವೇ ಹೆಚ್ಚಾಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ಎರಡೂ ಕಡೆಯವರು ವಿಷ ಮುಟ್ಟಿದವರೇ, ಆದ್ದರಿಂದ ಎರಡೂ ಕಡೆ ಕಾಯಿಲೆ ಸಮ! ಇದಕ್ಕಿಂತ ಬೇರೆ ವಾದ ಬೇಕೆ? ಮರುದಿನ ವೈದ್ಯರ ಮುಂದೆ ಇದನ್ನೇ ಹೇಳಿದೆ.

ಅವರು ನಗಲಿಲ್ಲ. “ಮೊನ್ನೆ ವ್ಯತ್ಯಾಸ ಇದ್ದಿದ್ರೆ ವಿಷವೇ ಕಾರಣ ಅಂತಿದ್ರಿ. ಇವತ್ತು ವ್ಯತ್ಯಾಸ ಇಲ್ಲ, ಅದಕ್ಕೂ ವಿಷವೇ ಕಾರಣ ಅಂತೀರಿ. ಯಾವ ಉತ್ತರ ಬಂದ್ರೂ ನೀವೇ ಗೆಲ್ಲೋದಾದ್ರೆ ಅದು ಪರೀಕ್ಷೆ ಹೇಗಾಗತ್ತೆ?” ನನ್ನ ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡರು. “ಇನ್ನೊಂದು ನೋಡಿ. ಪುಡಿ ಹಚ್ಚೋದು ಜಿಗಣೆಗೆ. ಜಿಗಣೆ ಕಚ್ಚಿದ್ದನ್ನ ಕೆರೆದ್ರೆ ಹುಣ್ಣಾಗತ್ತೆ. ಎರಡೂ ಒಂದೇ ಕಾಲಿನ ಮೇಲೆ. ಕಾಲಿನ ಹುಣ್ಣಿನ ಲೆಕ್ಕ ಪೂರ್ತಿ ಬಿಟ್ಟುಬಿಡಿ, ಅದರಿಂದ ಏನೂ ತಿಳಿಯಲ್ಲ.”

“ಹಾಗಾದರೆ ಪುಡಿ ಹಚ್ಚದವರನ್ನ ಹುಡುಕುತ್ತೇನೆ.”

“ಹುಡುಕಿ. ಸಿಕ್ಕರೆ ನನಗೂ ಹೇಳಿ.”

ಒಂದು ವಾರ ಹುಡುಕಿದೆ. ಕಮ್ಮರಡಿಯ ಅಂಗಡಿಯವರಲ್ಲಿ ಕೇಳಿದೆ. ಗದ್ದೆಗಿಳಿಯದ ಅವರೂ ಅಕ್ಕಿಮೂಟೆಯ ಸುತ್ತ ಇರುವೆಗೆ ಉದುರಿಸಿದವರೇ. ಬೇಗಾರಿಗೂ ಹೋದೆ. ತೋಟದ ಕೆಲಸದ ಹೆಂಗಸೊಬ್ಬಳು, “ಪುಡಿ ಹಚ್ಚದ ಕಾಲಾ? ಅಂಥ ಕಾಲು ಬೇಕಾದ್ರೆ ಪೇಟೇಲಿ ಮದ್ವೆ ಹೆಣ್ಣು ಹುಡುಕ್ದಂಗೆ ಹುಡುಕ್ಬೇಕು ನೀವು,” ಎಂದು ಗೊಳ್ಳೆಂದು ನಕ್ಕಳು. ನಾನೂ ನಕ್ಕೆ. ಆದರೆ ಹೋಲಿಸಲು ಮೂರು ತಾಲ್ಲೂಕಿನಲ್ಲಿ ಜನರೇ ಇಲ್ಲವೆಂಬುದು ಆ ನಗುವಿನ ನಡುವೆಯೇ ನನಗೆ ಖಚಿತವಾಯಿತು.

ದಸರೆಗೆ ಎರಡು ವಾರ ಉಳಿದಿತ್ತು. ಲೈನ್ ಮನೆಗೆ ಹೋಗಿ ಆ ಹೆಂಗಸಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಮೂರು ತಾಲ್ಲೂಕಿನ ಮನವಿ ನಿಲ್ಲುವುದಿಲ್ಲ, ನನ್ನ ಸಮೀಕ್ಷೆ ಕೆಟ್ಟಿದೆ.

ಆಕೆ ಹುಣ್ಣಿನ ಸುತ್ತ ಕೊಬ್ಬರಿ ಎಣ್ಣೆ ಸವರುತ್ತಾ ಕೇಳಿಸಿಕೊಂಡಳು. “ಅಲ್ಲ ಅಮ್ಮ, ನಾನು ನನ್ ಕೈ ಬಗ್ಗೆ ಹೇಳಿದ್ದು. ನೀವು ಊರಿನ ಕಾಲೆಲ್ಲ ನೋಡ್ಕಂಡು ಬಂದ್ರಿ. ನನ್ ಕೈ ಮೊದ್ಲು ಹಿಂಗಿರ್ಲಿಲ್ಲ. ಕೈ ಮುರ್ಕಂಡು ನರ್ಸರೀಲಿ ಕೂತಿದ್ ವರ್ಷ ಎಷ್ಟು ಚಂದ ಇತ್ತು ಗೊತ್ತುಂಟಾ?”

ಚರಂಡಿಗೆ ಬಿದ್ದು ಆಕೆಯ ಮಣಿಕಟ್ಟು ಮುರಿದಿತ್ತಂತೆ. ಆ ವರ್ಷ ಸವರಲಾಗದ್ದರಿಂದ ನರ್ಸರಿಯಲ್ಲಿ ಕಾಫಿ ಸಸಿಗಳ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಹಾಕಿದ್ದರು. ಆಗ ಬಿದ್ದ ಗಾಯ ಎಷ್ಟು ದಿನಕ್ಕೆ ಮಾಯಿತು ಎಂದೆ. “ಎಲ್ರಂಗೆ ಮಾಯ್ತು,” ಎಂದಳು.

ಆ ಕ್ಷಣದಲ್ಲಿ ನಾನು ಮಾಡಬೇಕಾದ್ದು ತಿಳಿಯಿತು. ಆಕೆಯನ್ನು ಇನ್ನಾರೊಂದಿಗೋ ಹೋಲಿಸುವ ಬದಲು ಆಕೆಯೊಂದಿಗೇ ಹೋಲಿಸಬೇಕು. ಸವರಿದ ವರ್ಷಗಳ ಆಕೆ, ಸವರದ ವರ್ಷದ ಆಕೆ. ಕಾಲಿನ ಪುಡಿ, ಊಟ, ಲೈನಿನ ಮನೆ ಎಲ್ಲವೂ ಎರಡೂ ಕಡೆ ಸಮಾನ. ದೊಡ್ಡ ಮನವಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ಅಂದೇ ಕಾರ್ಯದರ್ಶಿಯವರಿಗೆ ತಿಳಿಸಿದೆ. ಅವರು ಬೇಸರಿಸಿಕೊಂಡರು. ನನಗೂ ಸುಲಭವಾಗಿರಲಿಲ್ಲ. ಮೂರು ತಾಲ್ಲೂಕನ್ನು ಬಿಟ್ಟು ಒಂದು ತೋಳಿಗೆ ಬರುವುದು ಸೋಲಿನಂತೆಯೇ ಕಾಣುತ್ತಿತ್ತು.

ಮೂರು ದಾಖಲೆಗಳು ಬೇಕಿದ್ದವು. ಮೊದಲನೆಯದು ಆಕೆಯ ಬಳಿಯೇ ಇತ್ತು. ಆಸ್ಪತ್ರೆಯ ಚೀಟಿಗಳನ್ನೆಲ್ಲ ಆಕೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೋಡೆಯ ಮೊಳೆಗೆ ನೇತುಹಾಕಿದ್ದಳು. ಎರಡನೆಯದು ಲ್ಯಾಬಿನ ಸಾಹೇಬರಲ್ಲಿ ಸಿಕ್ಕಿತು. ಜ್ವರ ಬಂದಾಗಲೆಲ್ಲ ಆಕೆಯ ರಕ್ತ ಎಣಿಸಿದ್ದವರು ಅವರೇ. ಹಳೆಯ ರಿಜಿಸ್ಟರುಗಳ ಧೂಳು ಹೊಡೆಯುತ್ತಾ, “ನಮ್ಮ ಹೆಂಡ್ತಿ ಇವನ್ನ ಒಲೆಗೆ ಹಾಕ್ತೀನಿ ಅಂತ ಪ್ರತಿ ವರ್ಷ ಹೇಳ್ತಾಳೆ. ನೋಡಿ, ನಿಮ್ಮ ಪುಣ್ಯ,” ಎಂದರು.

ಮೂರನೆಯದು ಕಷ್ಟದ್ದು. ಯಾವ ದಿನ ಯಾರು ಯಾವ ಕೆಲಸ ಮಾಡಿದರೆಂಬುದು ಎಸ್ಟೇಟಿನ ಚೆಕ್‌ರೋಲಿನಲ್ಲಿರುತ್ತದೆ. ಅದು ರೈಟರ, ಅಂದರೆ ಎಸ್ಟೇಟಿನ ಗುಮಾಸ್ತರ, ವಶದಲ್ಲಿತ್ತು. ಅವರು ಆರಂಭದಲ್ಲಿ ನನ್ನನ್ನು ಒಳಗೇ ಬಿಡಲಿಲ್ಲ.

“ಎಂತಕ್ಕೆ ತೋರ್ಸದು ಮಾರಾಯ್ರೆ? ನೀವು ಪೇಪರಿಗೆ ಹಾಕ್ತೀರಿ. ಧಣಿಗಳು ನನ್ನ ಕುತ್ತಿಗೆಗೆ ಬರ್ತಾರೆ.”

ಹಿಂದಿನ ನಾನಾಗಿದ್ದರೆ ಕಾನೂನು ಉದ್ಧರಿಸುತ್ತಿದ್ದೆ. ಅಂದು ಹಾಗೆ ಮಾಡಲಿಲ್ಲ. ನನ್ನ ಸಮೀಕ್ಷೆ ಹೇಗೆ ಕೆಟ್ಟಿತೆಂದು, ಸೀತೂರಿನ ಡಬ್ಬಿಯ ಕಥೆ ಸಮೇತ ಹೇಳಿದೆ. ಅವರು ತಮ್ಮ ಪ್ಯಾಂಟಿನ ಅಂಚು ಮೇಲೆತ್ತಿ ಕಾಲ್ಚೀಲ ತೋರಿಸಿದರು. ಅದರ ಮೇಲೆ ಅದೇ ಮಾಸಲು ಪುಡಿ ಇತ್ತು.

“ಇದೂ ಅದೇನಾ?” ಎಂದು ಕೇಳಿದರು. ಧ್ವನಿ ಸಣ್ಣದಾಗಿತ್ತು.

“ಅದೇ.”

ಅವರು ಬಗ್ಗಿ ಕಾಲ್ಚೀಲ ಕೊಡವಿದರು. ಆಮೇಲೆ ಬೀರು ತೆರೆದರು. “ನೀವು ಮುಟ್ಬೇಡಿ. ನಾನು ಓದ್ತೀನಿ, ನೀವು ಬರ್ಕಳಿ. ಅವಳದ್ದು ಮಾತ್ರ.”

ಆರು ವರ್ಷದ ಚೆಕ್‌ರೋಲ್ ಓದಲು ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಒಂದೇ ದೊಡ್ಡ ಹಾಳೆಯ ಮೇಲೆ ತಿಂಗಳುಗಳನ್ನು ಅಡ್ಡಲಾಗಿ ಬರೆದು, ಮೇಲಿನ ಸಾಲಿನಲ್ಲಿ ಆಕೆ ಸವರಿದ ದಿನಗಳು, ನಡುವೆ ಆಸ್ಪತ್ರೆಯ ಚೀಟಿಗಳು, ಕೆಳಗೆ ರಕ್ತದ ಎಣಿಕೆ, ಹೀಗೆ ತುಂಬಿದೆ. ಪ್ರತಿ ಸವರುವ ಅವಧಿಯ ನಂತರದ ಒಂದೆರಡು ತಿಂಗಳಲ್ಲಿ ಚೀಟಿಗಳು ಒತ್ತಾಗಿದ್ದವು. ನರ್ಸರಿಯ ವರ್ಷದಲ್ಲಿ ಮೂಳೆಯ ಚೀಟಿಗಳನ್ನು ಬಿಟ್ಟರೆ ನಡುವಿನ ಸಾಲು ಬಹುತೇಕ ಖಾಲಿಯಿತ್ತು. ಕೆಳಗಿನ ಎಣಿಕೆ ಆ ವರ್ಷ ಏರಿ ಮತ್ತೆ ಇಳಿದಿತ್ತು.

ವೈದ್ಯರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಲಿಂಡೇನಿನ ಬಹುಪಾಲು ಕೆಲವು ವಾರಗಳಲ್ಲಿ ಮೈಯಿಂದ ಹೊರಹೋಗುತ್ತದೆ, ಪುಡಿಯಲ್ಲಿರುವ ಅದರ ಸೋದರ ವಸ್ತುವೊಂದು ಮಾತ್ರ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ ಎಂದು ವಿವರಿಸಿದರು. ಆ ಎರಡನೆಯದು ನಮ್ಮೆಲ್ಲರ ಮೈಯಲ್ಲೂ ಇರಬಹುದು, ಅದು ಏನು ಮಾಡುತ್ತಿದೆಯೆಂದು ಹೇಳುವ ಶಕ್ತಿ ತಮಗಿಲ್ಲ ಎಂದರು. ಬಳಿಕ ತಮ್ಮ ಚೀಟಿಯ ಮೇಲೆ ನಾಲ್ಕು ಸಾಲು ಬರೆದರು: ಕಾರಣ ಖಚಿತವಿಲ್ಲ, ಆದರೆ ಕೆಲಸದ ದಿನಗಳಿಗೂ ಸೋಂಕುಗಳಿಗೂ ನಡುವಿನ ಹೊಂದಿಕೆಯನ್ನು ಕಡೆಗಣಿಸುವಂತಿಲ್ಲ, ಬಿಳಿ ರಕ್ತಕಣಗಳು ಪದೇ ಪದೇ ಕಡಿಮೆಯಿವೆ, ಈಕೆಯನ್ನು ಕೀಟನಾಶಕದ ಕೆಲಸದಿಂದ ದೂರವಿಡತಕ್ಕದ್ದು. ಕೆಳಗೆ ಸಹಿ ಹಾಕಿದರು.

ದಸರೆಗೆ ನಾಲ್ಕು ದಿನ ಮೊದಲು ಎಸ್ಟೇಟಿನ ಆಫೀಸಿನಲ್ಲಿ ಸೇರಿದೆವು. ಧಣಿಗಳು, ರೈಟರು, ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು, ನಾನು, ಆ ಹೆಂಗಸು. ಅಧಿಕಾರಿ ನನ್ನ ಹಳೆಯ ಮನವಿಯ ಬಗ್ಗೆ ವಿಚಾರಿಸಿದರು. ಅದನ್ನು ಹಿಂದಕ್ಕೆ ಪಡೆದಿದ್ದೇನೆ, ನನ್ನ ಹೋಲಿಕೆ ತಪ್ಪಾಗಿತ್ತು ಎಂದೆ. ಧಣಿಗಳ ಮುಖದಲ್ಲಿ ಒಂದು ನೆಮ್ಮದಿ ಮೂಡಿದ್ದನ್ನು ಕಂಡೆ. ಅನಂತರ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಮಾತು ಬೆಳೆಸದೆ, ಸಾಲುಗಳನ್ನು ಬೆರಳಿಟ್ಟು ತೋರಿಸಿದೆ.

ಧಣಿಗಳು ಒರಟರೇನಲ್ಲ. “ಬೋರರ್ ಬಿಟ್ರೆ ಗಿಡ ಉಳಿಯಲ್ಲ, ಸವರದು ನಾನು ನಿಲ್ಸಕ್ಕಾಗಲ್ಲ. ಇವಳನ್ನ ನರ್ಸರಿಗೆ ಹಾಕ್ತೀನಿ. ಮನೇನೂ ಬಿಡದು ಬ್ಯಾಡ. ಆತಾ?” ಎಂದರು. ಅಧಿಕಾರಿ ಅದನ್ನು ಬರೆದು ಎಲ್ಲರ ಸಹಿ ಪಡೆದರು. ಎರಡು ತಿಂಗಳ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತೆಂದು ನಾನು ಹಾಳೆ ಮಡಿಸುತ್ತಿದ್ದೆ.

ಆಕೆ ಹೆಬ್ಬೆಟ್ಟಿನ ಶಾಯಿ ಒರೆಸಿಕೊಳ್ಳುತ್ತಾ ಕೇಳಿದಳು: “ನನ್ ಬಕೆಟ್ ಯಾರಿಗೆ ಕೊಡ್ತೀರಿ?”

ರೈಟರು ಪಟ್ಟಿ ನೋಡಿ ಒಂದು ಹೆಸರು ಓದಿದರು. ಅದು ಆಕೆಯ ಓರಗಿತ್ತಿಯ ಹೆಸರು. ಅದೇ ಲೈನಿನಲ್ಲಿ, ಪಕ್ಕದ ಕೋಣೆಯಲ್ಲಿದ್ದವಳು.

ಆಕೆ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಆಕ್ಷೇಪಣೆಯಿರಲಿಲ್ಲ, ಉತ್ತರದ ನಿರೀಕ್ಷೆಯಿತ್ತು. ಎದುರಾಳಿಯ ಎಲ್ಲ ಪ್ರಶ್ನೆಗಳಿಗೂ ಸಿದ್ಧಳಾಗಿ ಬಂದಿದ್ದ ನಾನು ಈ ಪ್ರಶ್ನೆಯನ್ನು ಎಣಿಸಿಯೇ ಇರಲಿಲ್ಲ. ಕೊನೆಗೆ ಧಣಿಗಳಲ್ಲಿ ಇಷ್ಟನ್ನೇ ಕೇಳಿಕೊಂಡೆ: ಓರಗಿತ್ತಿ ಬಕೆಟ್ ಮುಟ್ಟುವ ಮೊದಲು ಆಕೆಯ ರಕ್ತ ಎಣಿಸಲು ಅವಕಾಶ ಕೊಡಿ, ಆಕೆ ಸವರುವ ದಿನಗಳ ಪ್ರತಿಯನ್ನು ಪ್ರತಿ ತಿಂಗಳು ಆಕೆಯ ಕೈಗೇ ಕೊಡಿ. ಧಣಿಗಳು ಭುಜ ಕುಣಿಸಿದರು. “ಬರ್ಕೊಡಿ ಮಾರಾಯ್ರೆ, ಎಂತ ಆಗ್ತದೆ,” ಎಂದು ರೈಟರಿಗೆ ಹೇಳಿದರು.

ಓರಗಿತ್ತಿ ಆ ವರ್ಷ ಸವರಿದಳು. ಅದನ್ನು ತಡೆಯಲು ನನ್ನಿಂದಾಗಲಿಲ್ಲ. ನರ್ಸರಿಗೆ ಹೋದವಳ ಮುಂಗೈ ಹುಣ್ಣು ಪುಷ್ಯದ ಹೊತ್ತಿಗೆ ಒಣಗಿತು. ಏಕೆ ಒಣಗಿತೆಂದು ಹೇಳಲು ವೈದ್ಯರು ಕೊನೆಯವರೆಗೂ ಒಪ್ಪಲಿಲ್ಲ. ನಾನೂ ಹೇಳುವುದಿಲ್ಲ. ಓರಗಿತ್ತಿಯ ಹಾಳೆಯಲ್ಲಿ ಎರಡು ಅವಧಿಗಳವರೆಗೆ ಏನೂ ಕಾಣಲಿಲ್ಲ. ಮೂರನೆಯದರ ನಂತರ ಎಣಿಕೆ ಇಳಿಯಿತು, ಬಾಯಿಹುಣ್ಣು ಬಂತು. ಹಾಳೆ ಆಕೆಯ ಕೈಯಲ್ಲೇ ಇತ್ತು. ನಮಗಾರಿಗೂ ಹೇಳಿಕಳಿಸದೆ, ಅದನ್ನು ಹಿಡಿದುಕೊಂಡು ತಾನೇ ಆಫೀಸಿಗೆ ಹೋಗಿ ರೈಟರ ಮೇಜಿನ ಮೇಲಿಟ್ಟಳಂತೆ. ಮರುವಾರ ಆಕೆಯೂ ನರ್ಸರಿಯಲ್ಲಿದ್ದಳು. ಬಕೆಟ್ ಮೂರನೆಯವರ ಕೈಗೆ ಹೋಗಿತ್ತು. ಆ ಮೂರನೆಯವಳು ಮೊದಲ ದಿನವೇ ತನಗೂ ಒಂದು ಹಾಳೆ ಬೇಕೆಂದು ಕೇಳಿ ಪಡೆದಳು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ತೋಟದಲ್ಲಿ, ಗದ್ದೆಯಲ್ಲಿ, ಕಾರ್ಖಾನೆಯಲ್ಲಿ ಯಾರಾದರೂ ವಿಷ ಸವರುತ್ತಿದ್ದರೆ, ಹೊಡೆಯುತ್ತಿದ್ದರೆ, ಅವರ ಹೆಸರಿನಲ್ಲಿ ಇವತ್ತೇ ಒಂದು ಹಾಳೆ ಆರಂಭಿಸಿ. ಯಾವ ದಿನ, ಯಾವ ವಸ್ತು, ಎಷ್ಟು ಹೊತ್ತು ಎಂದು ಬರೆಯಿರಿ. ಆ ಹಾಳೆಯನ್ನು ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಅವರ ಕೈಗೆ ಕೊಡಿ.